ಗೇಣು ಕಡಿಮೆ ಬಂದ ಹೊಳೆ

12 ಜನವರಿ 2025, ಭಾನುವಾರ

ಬೆಳಿಗ್ಗೆ 1.33. ಮಧ್ಯಾಹ್ನ 1.32. ಸಂಜೆ 1.31. ಇಷ್ಟು ಸರ್ಕಾರಿ ಪುಸ್ತಕಕ್ಕೆ ಹೋಯಿತು. ಉಳಿದದ್ದನ್ನು ಇಲ್ಲಿ, ಹಳೆಯ ರಿಜಿಸ್ಟರಿನ ಹಿಂದಿನ ಖಾಲಿ ಹಾಳೆಗಳಲ್ಲಿ ಬರೆಯುತ್ತೇನೆ. ಯಾರಿಗಾದರೂ ಹೇಳಿದರೆ ಜಗಳವಾಗುತ್ತದೆ, ಹೇಳದಿದ್ದರೆ ಹೊಟ್ಟೆ ಉಬ್ಬಿ ಸಾಯುತ್ತೇನೆ.

ಬಾಷುಮಿಯಾ ಅಣ್ಣ ಬಂದಿದ್ದರು. ನೀರಾವರಿ ಕಚೇರಿಯ ವರ್ಕ್ ಇನ್‌ಸ್ಪೆಕ್ಟರ್, ನಮ್ಮವರ ಹಳೆಯ ದೋಸ್ತ. ಕಟ್ಟೆಯ ಮೇಲೆ ಕೂತು ನೀರು ಕುಡಿದರು, ಚಹಾ ಕುಡಿದರು, ಮತ್ತೆ ನೀರು ಕುಡಿದರು, ಆಮೇಲೆ ಚೀಲದಿಂದ ಒಂದು ಕಾಗದ ತೆಗೆದರು. ಆ ಮನುಷ್ಯ ಎರಡನೇ ಸಲ ನೀರು ಕೇಳಿದಾಗಲೇ ನನಗೆ ಗೊತ್ತಾಗಬೇಕಿತ್ತು.

ನನ್ನ ಕೆಲಸ ಏನೆಂದು ಇವತ್ತು ನನಗೆ ನಾನೇ ಹೇಳಿಕೊಳ್ಳಬೇಕಾಗಿದೆ. ತಿಂಥಣಿಯಿಂದ ಮೂರು ಮೈಲಿ ಮೇಲೆ, ನಮ್ಮ ಊರ ದಂಡೆಯಲ್ಲಿ ಕೃಷ್ಣೆಯ ನೀರು ಅಳೆಯುವ ಎರಡು ಕಂಬಗಳಿವೆ. ಸಿಮೆಂಟಿನ ಕಂಬ, ಅದಕ್ಕೆ ಬಿಳಿ ತಗಡು, ತಗಡಿನ ಮೇಲೆ ಕಪ್ಪು ಅಂಕಿ. ಮೇಲಿನ ಕಂಬ ಮಳೆಗಾಲಕ್ಕೆ, ಎರಡು ಮೀಟರಿನಿಂದ ಆಚೆ. ಕೆಳಗಿನ ಕಂಬ ನೀರು ಇಳಿದ ಕಾಲಕ್ಕೆ, ಸೊನ್ನೆಯಿಂದ ಎರಡರವರೆಗೆ. ದಿನಕ್ಕೆ ಮೂರು ಸಲ ಹೋಗಿ, ನೀರು ಯಾವ ಅಂಕಿಗೆ ಮುಟ್ಟಿದೆ ನೋಡಿ, ಬರೆದು, ಫೋನ್ ಮಾಡಿ ಹೇಳಬೇಕು. ನಾರಾಯಣಪುರದ ಡ್ಯಾಮಿನಿಂದ ಶಹಾಪುರ, ಸುರಪುರದ ಕಾಲುವೆಗೆ ಎಷ್ಟು, ಹೊಳೆಗೆ ಎಷ್ಟು ಅಂತ ಹಂಚುವವರು ಇಂಥ ಅಂಕಿಗಳನ್ನು ನೋಡಿಯೇ ಹಂಚುವುದು. ಇಪ್ಪತ್ತಾರು ವರ್ಷ ಇದನ್ನು ನಮ್ಮವರು, ಹುಲಗಪ್ಪ, ಬರೆದರು. 2021ರ ಮೇ ತಿಂಗಳಲ್ಲಿ ಮೂರೇ ದಿನದ ಜ್ವರಕ್ಕೆ ಹೋದರು. ಹೋಗುವಾಗ ಒಂದು ಮಾತೂ ಆಡಲಿಲ್ಲ. ಕೈ ಅಗಲ ಮಾಡಿ ಚಾಚಿದರು, ಹಿಡಿದುಕೊಂಡೆ, ಅಷ್ಟೆ. ಅವತ್ತಿನಿಂದ ನಾನು ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಪಾಸಾದದ್ದು ಅಷ್ಟಕ್ಕಾದರೂ ಬಂತು.

ಈಗ ಕಾಗದ ಹೇಳುವುದು: ಹೈದರಾಬಾದಿನ ಯಾವುದೋ ಸಂಸ್ಥೆಯವರು ಉಪಗ್ರಹದಿಂದ ಹೊಳೆಯ ಮಟ್ಟ ಅಳೆಯುತ್ತಿದ್ದಾರಂತೆ. ಮಳೆಗಾಲದಲ್ಲಿ ಅದರ ಅಂಕಿ, ನನ್ನ ಅಂಕಿ ಕೂಡುತ್ತವೆ. ನೀರು ಇಳಿದ ಮೇಲೆ ನನ್ನದು ಒಂದು ಗೇಣು ಕಡಿಮೆ. ಕೆಳಗಿನ ಊರಿನ ಕಂಬದ ಅಂಕಿಯ ಜೊತೆ ಹಿಡಿದು ನೋಡಿದರೂ ಹಾಗೇ. ಅದೂ ಹುಲಗಪ್ಪ ಇರುವವರೆಗೆ ಸರಿ, ನಾನು ಬಂದ ದಿನದಿಂದ ಕಡಿಮೆ.

"ಬ್ಯಾಸಗ್ಯಾಗ ಕೆಳಗಿನ ಕಂಬ ಇನ್ನೂರು ಹೆಜ್ಜಿ ದೂರ ಆಗ್ತದ, ಬಂಡಿ ಕಾಯ್ತಾವ. ನೀ ಮೆಟ್ಟಲ ಮ್ಯಾಲ ಕುಂತು ಅಂದಾಜಿಲೆ ಬರೀತಿ ಅಂತ ಸಾಹೇಬರು ತಿಳ್ಕೊಂಡಾರ, ತಂಗಿ," ಅಂದರು ಬಾಷುಮಿಯಾ ಅಣ್ಣ.

"ನೀವು ಏನು ತಿಳ್ಕೊಂಡೀರಿ ಅಣ್ಣಾ?"

ಅವರು ಕಂಬದ ಕಡೆ ನೋಡಿದರು. "ಹುಲಗಪ್ಪ ಕಂಬ ಕೈಲೆ ಮುಟ್ಲಾರದ ಒಂದಿನ ಓದಿಲ್ಲ. ದೇವರ ಮುಟ್ಟಿದಂಗ ಮುಟ್ಟಿ ಓದ್ತಿದ್ದ," ಅಂದರು. ಅದು ಉತ್ತರವೇ?

ಉಪಗ್ರಹ ಅನ್ನುವ ಆ ಚುಕ್ಕಿ ಇಪ್ಪತ್ತೊಂದು ದಿನಕ್ಕೊಮ್ಮೆ ನಮ್ಮ ಮೇಲೆ ಹಾಯುತ್ತದಂತೆ. ಮುಂದಿನ ಮೂರು ಸಲ ಹಾಯುವಾಗ ನನ್ನ ಅಂಕಿಯನ್ನು ಪರೀಕ್ಷಿಸುತ್ತಾರೆ. ಮಾರ್ಚ್ ಕೊನೆಗೆ ನನ್ನ ಕೆಲಸ ಪ್ರತಿವರ್ಷದಂತೆ ಹೊಸದಾಗಬೇಕು. ಆಗುತ್ತದೋ ಇಲ್ಲವೋ ಇದರ ಮೇಲೆ. ಕೆಲಸ ಹೋದರೆ ಹೋಗಲಿ, ಊರಿನಲ್ಲಿ ಕಳ್ಳಿ ಅನ್ನಿಸಿಕೊಂಡು ಹೇಗೆ ಇರಲಿ?

13 ಜನವರಿ, ಸೋಮವಾರ

ನಮ್ಮ ಅತ್ತೆ ಗೊಲ್ಲಾಳಮ್ಮನಿಗೆ ಸುದ್ದಿ ಮುಟ್ಟಿದೆ. "ಕುಣೀಲಾರದಾಕಿ ಅಂಗಳ ಡೊಂಕ ಅಂದ್ಳಂತ. ನನ್ನ ಮಗನ ಪುಸ್ತಕ ಹೊಲಸು ಮಾಡಿಟ್ಟಿ," ಅಂದಳು ಮುದುಕಿ. ರೊಟ್ಟಿ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ. ನಾಯಿಗೆ ಹಾಕಿದೆ. ನಾಯಿಗೆ ಯಾರ ಮೇಲೂ ಸಿಟ್ಟಿರಲಿಲ್ಲ, ತಿಂದಿತು.

15 ಜನವರಿ, ಬುಧವಾರ

ನಿನ್ನೆ ಸಂಕ್ರಾಂತಿ. ಎಳ್ಳು ಹಚ್ಚಿಕೊಂಡು ಊರೆಲ್ಲ ಹೊಳೆಯಲ್ಲಿ ಮುಳುಗಿತ್ತು. ನಾನು ಬೇಕೆಂದೇ ಎಲ್ಲರ ನಡುವೆ ಸೀರೆ ಬಿಗಿದು ಕಟ್ಟಿ, ಎದೆಯುದ್ದ ನೀರಿಗೆ ಇಳಿದು, ಕಂಬದ ಮುಂದೆ ನಿಂತು ಓದಿದೆ. 1.28. ನೋಡಲಿ, ಎಲ್ಲರೂ ನೋಡಲಿ ಅಂತ.

ಒಂದು ಮಾತು ಇಲ್ಲಿ ಮಾತ್ರ ಬರೆಯುತ್ತೇನೆ. ಹೋದ ಏಪ್ರಿಲ್‌ನಲ್ಲಿ ಎರಡು ಮಧ್ಯಾಹ್ನ, ಕಾಲು ಸುಡುತ್ತದೆಂದು ಕೆಳಗೆ ಹೋಗಿರಲಿಲ್ಲ. ಬೆಳಗಿನ ಅಂಕಿಯನ್ನೇ ಬರೆದೆ. ಎರಡೇ ಮಧ್ಯಾಹ್ನ. ಆ ಚುಕ್ಕಿ ಅದನ್ನೂ ಕಂಡಿತೇನೋ.

2 ಫೆಬ್ರವರಿ, ಭಾನುವಾರ

ಆ ಚುಕ್ಕಿ ಇವತ್ತು ಎರಡಕ್ಕೆ ಕಾಲು ತಾಸು ಇರುವಾಗ ಹಾಯಬೇಕಿತ್ತು. ಒಂದೂವರೆಗೇ ಹೋಗಿ ನೀರಿನಲ್ಲಿ ನಿಂತೆ. 0.98. ಕುತ್ತಿಗೆ ನೋಯುವಷ್ಟು ಮೇಲೆ ನೋಡಿದೆ. ಒಂದು ಹದ್ದು ಕಂಡಿತು.

ಹೈದರಾಬಾದಿನ ಆ ಸಂಸ್ಥೆಯಿಂದ ಮೇಡಂ ಬಂದು ನನ್ನ ಪಕ್ಕದಲ್ಲೇ ನಿಂತು ನೋಡುತ್ತಾರೆ ಅಂದಿದ್ದರು. ಬರಲಿಲ್ಲ. ಸುರಪುರದಲ್ಲಿ ಬಸ್ಸು ಕೆಟ್ಟಿತಂತೆ, ಮೂರೂವರೆಗೆ ಬಂದಳು. ನಾಲ್ಕು ದಿನದಿಂದ ಜಗಳಕ್ಕೆ ಮಾತು ಕಟ್ಟಿಟ್ಟುಕೊಂಡಿದ್ದೆ. ಬಂದವಳು ನೋಡಿದರೆ ಕಡ್ಡಿಯಂಥ ಹುಡುಗಿ, ತಲೆಯ ತುಂಬ ಧೂಳು. ಹೆಸರು ಮೋನಮ್ಮ, ರಾಮಸಮುದ್ರದವಳು. "ಅಕ್ಕಾ, ಒಂದು ರೊಟ್ಟಿ ಇದ್ರ ಕೊಡ್ರಿ. ನಸುಕಿನಾಗ ಉಂಡದ್ದು," ಅಂದಳು. ರೊಟ್ಟಿ ಕೇಳಿದವಳ ಜೊತೆ ಹೇಗೆ ಜಗಳಾಡುವುದು? ತಿಂದಾದ ಮೇಲೆ ಕೇಳಿದೆ.

"ಆಕಾಶದಾಗಿಂದ ನನ್ನ ಮ್ಯಾಲ ಚಾಡಿ ಹೇಳಿದಾಕಿ ನೀವೇ ಏನು?"

"ಚಾಡಿ ಅಲ್ರಿ ಅಕ್ಕಾ. ನಾ ಎರಡು ಅಂಕಿ ಮಗ್ಗಲ ಮಗ್ಗಲ ಇಟ್ಟೀನಿ, ಅಷ್ಟೇ. ನೀವು ಮನ್ಯಾಗ ಕುಂತು ಬರೀತೀರಿ ಅಂತ ನಾ ಎಲ್ಲೂ ಅಂದಿಲ್ಲ. ಅದು ಆಫೀಸಿನವರು ಹಚ್ಚಿದ್ದು. ನಮ್ಮವ್ವ ಈಗೂ ನಾಟಿ ಕೂಲಿಗಿ ಹೋಗ್ತಾಳ್ರಿ. ಕೆಲಸದಾಕಿ ಮ್ಯಾಲ ನಾ ಹಂಗ ಬರಿಯಂಗಿಲ್ಲ."

"ಎಷ್ಟು ಮ್ಯಾಲದ ಅದು?"

"ಒಂಬೈನೂರು ಕಿಲೋಮೀಟರ ಹತ್ರ."

"ಅಲ್ಲಿಂದ ಗೇಣು ಕಾಣ್ತದ?"

ಅವಳು ಹೆಬ್ಬೆರಳು, ಕಿರುಬೆರಳು ಅಗಲಿಸಿ ಗೇಣು ತೋರಿಸಿದಳು. "ಒಂದ್ಸಲ ಹಾದ್ರ ಹೊಳಿ ಮ್ಯಾಲ ಇಷ್ಟನ್ನ ನಂಬಾಕ ಬರಂಗಿಲ್ಲ. ಎರಡು ಬ್ಯಾಸಗಿ ಹಾದದ್ದು ಅಷ್ಟೂ ಕೂಡ್ಸಿ ನೋಡೀನಿ, ಅದೇ ಗೇಣು ಬರ್ತದ. ಖರೇ ಅಂದ್ರ ಅದನ್ನ ಮೊದಲ ಮಾಡಿದ್ದು ಸಮುದ್ರಕ್ಕ. ಅಲ್ಲಿ ನೀರು ಒಂದು ಬೆರಳು ದಪ್ಪ ಏರಿದ್ರೂ ಹಿಡೀತದ."

ಮೇಲಿನಿಂದ ಒಂದು ಅಲೆ ಕಳಿಸುತ್ತದಂತೆ, ಕಣ್ಣಿಗೆ ಕಾಣದ್ದು. ಅದು ನೀರಿಗೆ ಬಡಿದು ವಾಪಸು ಹೋಗುತ್ತದೆ. ಹತ್ತು ಮೀಟರಿನ ಕೋಲಿನ ಎರಡು ತುದಿಗೆ ಎರಡು ಕಿವಿ. ಎರಡೂ ಕಿವಿಗೆ ಕೇಳಿಸಿದ್ದರಲ್ಲಿ ಎಷ್ಟು ಹೆಚ್ಚುಕಡಿಮೆ ಇದೆ ಅನ್ನುವುದರ ಮೇಲೆ ನೀರಿನ ಎತ್ತರ ಕಟ್ಟುತ್ತಾರೆ. ಇಷ್ಟನ್ನು ನಾನು ಹೇಗೋ ನುಂಗಿಕೊಂಡೆ. ಆದರೆ ಸಮುದ್ರದ ಮಾತು ಹಿಡಿಸಲಿಲ್ಲ.

"ಸಮುದ್ರದಾಗ ಅಳಿಯೂದು ಏನದ? ಅದು ಎಲ್ಲಾ ಕಡಿ ಒಂದೇ ಮಟ್ಟ. ನಮ್ಮ ಕಂಬದ ಸೊನ್ನಿನೂ ಸಮುದ್ರದ ಮಟ್ಟದಿಂದನೇ ಎಣಿಸಿ ಇಟ್ಟದ್ದು. ನಮ್ಮವರು ಹೇಳ್ತಿದ್ರು."

ಮೋನಮ್ಮ ನಕ್ಕಳು. ಕೀಳಾಗಿ ಕಂಡು ನಕ್ಕ ನಗುವಲ್ಲ ಅದು. ತಿನಿಸು ಮುಚ್ಚಿಟ್ಟುಕೊಂಡ ಮಕ್ಕಳು ಹಾಗೆ ನಗುತ್ತಾರೆ. "ಸಮುದ್ರ ಮಟ್ಟ ಇಲ್ರಿ ಅಕ್ಕಾ," ಅಂದಳು.

ಸಮುದ್ರದ ತಳದಲ್ಲಿ ಬೆಟ್ಟಗಳಿವೆಯಂತೆ, ಯಾರೂ ನೋಡದಂಥವು. ಬೆಟ್ಟ ಅಂದರೆ ಭಾರ. ಭಾರ ತನ್ನ ಸುತ್ತಲಿನ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಹಾಗಾಗಿ ದೊಡ್ಡ ಬೆಟ್ಟದ ಮೇಲೆ ನೀರೂ ಒಂದಾಳು ಎತ್ತರ ಉಬ್ಬಿ ನಿಂತಿರುತ್ತದೆ. ಉಬ್ಬಿಯೇ ಇರುತ್ತದೆ, ಇಳಿಯುವುದಿಲ್ಲ. ಮೇಲಿನ ಉಬ್ಬು ಅಳೆದು ಕೆಳಗೆ ಬೆಟ್ಟ ಇದೆ ಅಂತ ಹೇಳುತ್ತಾರೆ. ಇನ್ನು ನಮ್ಮ ದೇಶದ ತೆಂಕಣಕ್ಕೆ, ಸಿಂಹಳದ ಆಚೆ, ಸಮುದ್ರದಲ್ಲೇ ಒಂದು ತಗ್ಗಿದೆಯಂತೆ. ಭೂಮಿಯ ಸರಾಸರಿ ಲೆಕ್ಕಕ್ಕಿಂತ ನೂರು ಮೀಟರ್ ಕೆಳಗೆ ನೀರು. ಹಡಗಿನವರು ಅದರೊಳಗೆ ಇಳಿದು, ಹತ್ತಿ, ದಾಟಿ ಹೋಗುತ್ತಾರೆ, ಅವರಿಗೆ ಗೊತ್ತೇ ಆಗುವುದಿಲ್ಲ.

"ನೂರು ಮೀಟರ್ ತಗ್ಗಿದ್ರ ಸುತ್ತಲಿನ ನೀರು ಬಂದು ತುಂಬಬೇಕಲ್ಲ?"

"ಯಾಕ ತುಂಬಬೇಕ್ರಿ? ನೀರಿಗಿ ಅದೇ ಮಟ್ಟ ಅನಸ್ತದ."

ಕೊನೆಯ ಬಸ್ಸಿಗೆ ಹೋದಳು. ಜಗಳದ ಮಾತುಗಳೆಲ್ಲ ಹಾಗೇ ಉಳಿದವು.

3 ಫೆಬ್ರವರಿ, ಸೋಮವಾರ

ರೊಟ್ಟಿ ಎರಡು ಸೀದವು. ತಗ್ಗು ಬಿದ್ದ ಸಮುದ್ರವೇ ತಲೆಯಲ್ಲಿ.

ನಾನು ಸಮುದ್ರ ನೋಡಿಲ್ಲ. ನೋಡಿದವರು ಕೂಡ ಈ ತಗ್ಗು ನೋಡಿಲ್ಲವಂತೆ. ಅದರೊಳಗೆ ನಿಂತವರಿಗೇ ಕಂಡಿಲ್ಲ. ಅಷ್ಟು ದೊಡ್ಡದು ಕಣ್ಣ ಮುಂದೆ ಇದ್ದೂ ಕಾಣುವುದಿಲ್ಲ ಅಂದರೆ ಮೈ ಜುಮ್ಮೆನ್ನುತ್ತದೆ. ನಮ್ಮ ಕಂಬದ ಮುಂದೆ ಹರಿದು ಹೋದ ನೀರೂ ಒಂದು ದಿನ ಅಲ್ಲಿಗೆ ಹೋಗಿ ಬೆಟ್ಟದ ಮೇಲೆ ಉಬ್ಬುತ್ತದೋ ತಗ್ಗಿನಲ್ಲಿ ಇಳಿಯುತ್ತದೋ. ಸಂಜೆ 0.96 ಓದುವಾಗ ನೀರನ್ನು ಸುಮ್ಮನೆ ಬಹಳ ಹೊತ್ತು ನೋಡಿದೆ.

ಬೇರೆ ಯಾರೂ ಇರಲಿಲ್ಲವೆಂದು ಅತ್ತೆಗೇ ಹೇಳಿದೆ. ಮೂರು ವಾರದಲ್ಲಿ ಮೊದಲ ಮಾತು. ಬೈಯುತ್ತಾಳೆ ಅಂದುಕೊಂಡಿದ್ದೆ.

"ಭಾರ ಇದ್ದ ಕಡಿ ನೀರು ಹೋಗ್ತದ. ಅದ್ರಾಗ ಹೊಸಾದೇನದ?" ಅಂದಳು. ಬಟ್ಟಲಿಗೆ ನೀರು ಬಗ್ಗಿಸಿಕೊಂಡು, "ನೂರು ಮೀಟರ್ ಅಂದ್ರ ಎಷ್ಟು ಆಳು?" ಅಂತ ಕೇಳಿದಳು.

"ಅರವತ್ತಾಳು."

"ಯವ್ವಾ," ಅಂದಳು. ಬಟ್ಟಲಿನಲ್ಲಿದ್ದ ನೀರನ್ನು ನೋಡಿ, ಆಮೇಲೆ ಕುಡಿದಳು.

9 ಫೆಬ್ರವರಿ, ಭಾನುವಾರ

ಮೋನಮ್ಮನ ಫೋನು ಬಂತು. ಎರಡನೇ ತಾರೀಖಿನದೂ ಗೇಣು ಕಡಿಮೆ.

ನೀರಿನಲ್ಲಿ ನಿಂತು ಓದಿದ್ದೇನೆ. ಕಣ್ಣು ಸರಿಯಿದೆ, ಸೂಜಿಗೆ ದಾರ ಪೋಣಿಸುತ್ತೇನೆ. "ಅಕ್ಕಾ, ಖರೇ ಹೇಳ್ರಿ, ಕಂಬದ ತನಕ ಹೋಗಿದ್ರೇನು?" ಅಂತ ಆ ಹುಡುಗಿಯೂ ಕೇಳಿದಳು. ಫೋನ್ ಇಟ್ಟುಬಿಟ್ಟೆ.

ಸಮುದ್ರದಲ್ಲಿ ಬೆರಳು ದಪ್ಪ ತಪ್ಪದ್ದು ಇಲ್ಲಿ ಗೇಣು ತಪ್ಪುತ್ತದೆಯೇ? ಹಾಗಾದರೆ ತಪ್ಪಿದ್ದು ನಾನು. ಆದರೆ ನಾನು ತಪ್ಪಿಲ್ಲ.

17 ಫೆಬ್ರವರಿ, ಸೋಮವಾರ

ಇವತ್ತಿನದನ್ನು ಸರಿಯಾಗಿ ಒಂದೊಂದೇ ಬರೆಯಬೇಕು.

ಬೇಸಿಗೆಯಲ್ಲಿ ಅವರು ಹೇಗೆ ಬರೆಯುತ್ತಿದ್ದರು ನೋಡೋಣವೆಂದು ಇವತ್ತು ಅವರ ಟ್ರಂಕು ತೆಗೆದೆ. ನಾಲ್ಕು ವರ್ಷ ಮುಟ್ಟಿರಲಿಲ್ಲ. ಮಡಿಚಿಟ್ಟ ಧೋತರದ ಕೆಳಗೆ ಒಂದು ಪಾಕೀಟು ಪುಸ್ತಕ ಇತ್ತು. ಹೊಳೆಯ ಹತ್ತಿರ ಬರೆದುಕೊಳ್ಳುತ್ತಿದ್ದ ಕಚ್ಚಾ ಲೆಕ್ಕ. 2019ರ ನೆರೆಗಿಂತ ಮೊದಲು ದಿನಕ್ಕೆ ಒಂದೊಂದೇ ಅಂಕಿ. ನೆರೆ ಇಳಿದ ಮೇಲೆ ಎರಡೆರಡು. ನಡುವೆ ಒಂದು ಸಣ್ಣ ಗುಂಡಗಿನ ಗುರುತು. ‘1.08 ○ 1.31’. ‘0.74 ○ 0.97’. ಸರ್ಕಾರಿ ಪುಸ್ತಕದಲ್ಲಿ ನೋಡಿದೆ. ಹೋಗಿರುವುದು ಎರಡನೆಯದು. ಎಲ್ಲಿ ನೋಡಿದರೂ ಇಪ್ಪತ್ಮೂರು ಸೆಂಟಿಮೀಟರ್ ಹೆಚ್ಚು. ಒಂದು ಗಂಡಸಿನ ಗೇಣು.

ಅಂದರೆ ಅವರು ಕಂಬದ ಮೇಲೆ ಒಂದು ಓದಿ, ಪುಸ್ತಕದಲ್ಲಿ ಇನ್ನೊಂದು ಬರೆಯುತ್ತಿದ್ದರು. ಕಚೇರಿಯವರೇ ಗಡಿಯಾರ ಅಂತ ಕರೆದ ಮನುಷ್ಯ. ಅವರಿಗೆ ಕೊಟ್ಟ ಪ್ರಮಾಣಪತ್ರಕ್ಕೆ ಅತ್ತೆ ದಿನಾ ಊದಿನಕಡ್ಡಿ ಹಚ್ಚುತ್ತಾಳೆ.

ಗುಂಡಗಿನ ಗುರುತನ್ನು ನೋಡುತ್ತಾ ಕೂತೆ. ಹಿತ್ತಲಿನಲ್ಲಿ ಹಳೆಯ ಒಲೆಯ ಎರಡು ಗುಂಡುಗಳಿವೆ, ಒಲೆಗೆ ಮೂರು ಇರಬೇಕು. ಮೂರನೆಯದು ಎಲ್ಲಿ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆ ಆಗಸ್ಟಿನ ನೆರೆ ಕೆಳಗಿನ ಕಂಬವನ್ನು ಬಂಡೆಯ ಕುಳಿಯಿಂದ ಕಿತ್ತು ಕೆಳಗೆ ಎಸೆದಿತ್ತು. ಅಳತೆಯವರು ಬಂದು ನೆಡುತ್ತೇವೆ ಅಂದರು, ಬರಲಿಲ್ಲ. ಒಂದು ದಿನವೂ ಅಂಕಿ ತಪ್ಪಬಾರದೆಂದು ಇವರೇ ನೆಡಲು ಹೊರಟರು. ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ಹೊಳಿ ಕಿತ್ತ ಕುಣಿಗಿ ಬರೇ ಕಂಬ ಇಳಸಬ್ಯಾಡ. ಮೊದಲ ಮನಿದೊಂದು ಕಲ್ಲು ಕೊಡು. ನಿಮ್ಮಪ್ಪ ಕೊಡಲಿಲ್ಲ." ಮಾವ ಹರಗೋಲು ಹಾಕುತ್ತಿದ್ದರು. ಹೊಳೆ ಕಿತ್ತ, ಹರಗೋಲು ಕಟ್ಟುವ ಗೂಟವನ್ನು ಅದೇ ಕುಣಿಯಲ್ಲಿ ನೆಟ್ಟ ವರ್ಷವೇ ಮುಳುಗಿದರು. ಆ ಭಯ ಅತ್ತೆಗೆ ನಲವತ್ತು ವರ್ಷದಿಂದ ಇದೆ. ಒಲೆಗುಂಡಿಗೆ ಅರಿಶಿನ, ಕುಂಕುಮ ಹಚ್ಚಿ, ಕುಳಿಯೊಳಗಿಟ್ಟು, ಅದರ ಮೇಲೆ ಕಂಬ ನಿಲ್ಲಿಸಿದರು. ಆ ಗುಂಡನ್ನು ತಲೆಯ ಮೇಲೆ ಹೊತ್ತು ತಂದವಳು ನಾನು. ಕೆಳಗೆ ಕಲ್ಲಿಟ್ಟರೆ ಕಂಬ ಮೇಲೇರುತ್ತದೆ, ಕಂಬ ಏರಿದರೆ ಅಂಕಿ ಇಳಿಯುತ್ತದೆ ಅನ್ನುವುದು ಆ ತಲೆಗೆ ಇವತ್ತಿನವರೆಗೆ ಹೊಳೆಯಲಿಲ್ಲ.

ಮಳೆ ಬಂದಾಗ 1.77 ದಾಟಿದರೆ ನೀರು ಮೇಲಿನ ಕಂಬಕ್ಕೆ ಹೋಗಿ ಒಮ್ಮೆಲೇ 2.00 ಆಗುತ್ತಿತ್ತು. ಪ್ರತಿವರ್ಷ ನೋಡಿದ್ದೇನೆ. ಡ್ಯಾಮಿನವರು ನೀರು ಬಿಟ್ಟರು ಅಂತ ತಿಳಿದಿದ್ದೆ. ನಮ್ಮ ಹೊಳೆಯಲ್ಲಿ ಏನು ಜಿಗಿದರೂ ಡ್ಯಾಮಿನ ಮೇಲೆ ಹಾಕುವುದು ನಮ್ಮೂರ ರೂಢಿ.

ಟೇಪು ತಂದು ಹಿತ್ತಲಿನ ಎರಡೂ ಗುಂಡು ಅಳೆದೆ. ಒಂದು ಇಪ್ಪತ್ಮೂರು. ಇನ್ನೊಂದು ಇಪ್ಪತ್ಮೂರು ಚಿಲ್ಲರೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

18 ಫೆಬ್ರವರಿ, ಮಂಗಳವಾರ

ಕೈ ಅಗಲ ಮಾಡಿ ಚಾಚಿದ್ದರು. ನೋವಿಗೆ ಅಂತ ತಿಳಿದೆ. ಬೆರಳುಗಳನ್ನು ಒಂದೊಂದಾಗಿ ಮಡಿಚಿ ನನ್ನ ಕೈಯಲ್ಲಿ ಹಿಡಿದುಕೊಂಡೆ. ಮತ್ತೆ ಬಿಡಿಸಿ ಅಗಲ ಮಾಡಿದರು. ಮತ್ತೆ ಮಡಿಚಿದೆ.

ಗೇಣು ತೋರಿಸುತ್ತಿದ್ದರು.

22 ಫೆಬ್ರವರಿ, ಶನಿವಾರ

ನಾಲ್ಕು ದಿನ ಅಂಕಿ ಬಿಟ್ಟು ಬೇರೇನೂ ಬರೆಯಲಾಗಲಿಲ್ಲ.

ಕಂಬ ಮುಟ್ಟಿ ಓದುತ್ತಿದ್ದುದು ಭಕ್ತಿಗಲ್ಲ. ಕಿರುಬೆರಳನ್ನು ನೀರಿಗೆ ತಾಗಿಸಿ, ಗೇಣು ಅಗಲಿಸಿ, ಹೆಬ್ಬೆರಳಿಗೆ ಬಂದ ಅಂಕಿ ಬರೆಯುತ್ತಿದ್ದರು. ತಾಯಿಗೆ ಕಲ್ಲು ಉಳಿಯಿತು, ಕಚೇರಿಗೆ ಖರೇ ಅಂಕಿ ಹೋಯಿತು. ನನಗೆ ಮಾತ್ರ ಹೇಳಲಿಲ್ಲ. ಯಾವತ್ತಾದರೂ ಹೇಳೋಣ ಅಂದುಕೊಂಡಿದ್ದರೇನೋ. ನಲವತ್ತೊಂಬತ್ತಕ್ಕೆ ಸಾಯುತ್ತೇನೆಂದು ಯಾರು ತಿಳಿದಿರುತ್ತಾರೆ?

ಈಗ ನಾಳೆ ಮೋನಮ್ಮ, ಬಾಷುಮಿಯಾ ಅಣ್ಣ ಇಬ್ಬರೂ ಬರುತ್ತಾರೆ. ಹೇಳಿದರೆ ನಾನು ಉಳಿಯುತ್ತೇನೆ. ಆದರೆ ‘ಹುಲಗಪ್ಪ ಕಂಬದ ಮೇಲಿಲ್ಲದ ಅಂಕಿ ಬರೆದ’ ಅಂತ ಕಾಗದದಲ್ಲಿ ಏರುತ್ತದೆ, ಕಲ್ಲು ಕೀಳುತ್ತಾರೆ, ಅತ್ತೆಯ ಎದೆ ಒಡೆಯುತ್ತದೆ. ಹೇಳದಿದ್ದರೆ ಮಾರ್ಚ್ ಕೊನೆಗೆ ನಾನು ಕಳ್ಳಿ. ಇಪ್ಪತ್ತಾರು ವರ್ಷದ ಪುಸ್ತಕ ದೊಡ್ಡದೋ, ನನ್ನ ನಾಲ್ಕು ವರ್ಷದ್ದು ದೊಡ್ಡದೋ? ತೂಗಿ ತೂಗಿ ಸಾಕಾಯಿತು.

23 ಫೆಬ್ರವರಿ, ಭಾನುವಾರ

ಹತ್ತೂವರೆಗೆ ಅದು ಹಾದುಹೋಯಿತು. ಪ್ರತಿ ಸಲ ಮೂರೂಕಾಲು ತಾಸು ಮೊದಲು ಬರುತ್ತದೆ. ಮೋನಮ್ಮ ಪ್ಯಾಂಟು ಮಡಿಚಿ ತಾನೇ ನೀರಿಗಿಳಿದು ಓದಿದಳು. 0.61. ನನ್ನದೂ 0.61. ಅವಳು ಕಂಬವನ್ನು ಮೇಲಿನಿಂದ ಕೆಳಗೆ ನೋಡಿ, "ಈ ಕಂಬ ಯಾವಾಗ ನೆಟ್ಟದ್ರಿ ಅಕ್ಕಾ?" ಅಂದಳು.

ನಾನು ಸೆರಗಿನ ಗಂಟನ್ನು ಒತ್ತಿ ಹಿಡಿದೆ. ಬಾಷುಮಿಯಾ ಅಣ್ಣ ನನ್ನ ಮುಖ ನೋಡಿದರು. ಅಷ್ಟರಲ್ಲಿ ಬಂಡೆಗಳ ಮೇಲಿಂದ ಕೋಲಿನ ಸಪ್ಪಳ ಕೇಳಿತು. ಅತ್ತೆ ಬರುತ್ತಿದ್ದಳು. ಮಗ ಹೋದ ಮೇಲೆ ಹೊಳೆಯ ಕಡೆ ಮುಖ ಹಾಕದವಳು, ಎಪ್ಪತ್ತಾರು ವರ್ಷದವಳು, ಅಷ್ಟು ಬಂಡೆ ದಾಟಿ ಬಂದು ಏದುಸಿರು ಬಿಡುತ್ತಾ ನಿಂತಳು.

"ಆಕಿ ಬರ್ದದ್ದು ಖರೇ ಅದರಿ," ಅಂದಳು. "ಆ ಕಂಬದ ಬುಡಕ ನನ್ನ ಒಲಿಗುಂಡು ಅದ. ಇಡು ಅಂದಾಕಿ ನಾ. ಈಕಿ ಗುಂಡು ಅಳಿಯೂದು ನೋಡಿದೆ. ನನ್ನ ಸಂಬಂಧ ಬಾಯಿ ಬಿಡವಲ್ಲಳು."

ಮೋನಮ್ಮ ತೋಳಿನವರೆಗೆ ಕೈ ಹಾಕಿ ಕಂಬದ ಬುಡ ತಡವಿದಳು. ಬಾಷುಮಿಯಾ ಅಣ್ಣ ಊರೊಳಗೆ ಹೋಗಿ ಗೌಂಡಿ ಲಾಡ್ಲೇಸಾಬನನ್ನು ಕರೆದುಕೊಂಡು ಬಂದರು. ಗೋಡೆಯ ಮಟ್ಟ ನೋಡಲು ನೀರು ತುಂಬಿದ ಪೈಪು ಹಿಡಿಯುತ್ತಾರಲ್ಲ, ಅಂಥ ಎರಡು ಪೈಪು ಕೂಡಿಸಿ, ಒಂದು ತುದಿಯ ನೀರನ್ನು ಮೇಲಿನ ಕಂಬದ 2.00ಕ್ಕೆ ನಿಲ್ಲಿಸಿದರು. ಇನ್ನೊಂದು ತುದಿಯ ನೀರು ಕೆಳಗಿನ ಕಂಬದ ಮೇಲೆ ಏರಿ, ಇಳಿದು, ಅಲ್ಲಾಡಿ ನಿಂತಿತು. 1.77. 2.00 ಇರಬೇಕಾದಲ್ಲಿ ಇಪ್ಪತ್ಮೂರು ಕಡಿಮೆ.

ಮೋನಮ್ಮ ಒದ್ದೆ ಬಟ್ಟೆಯಲ್ಲೇ ಬಂಡೆಯ ಮೇಲೆ ಕೂತುಬಿಟ್ಟಳು. "ಅಕ್ಕಾ, ಯಾರೂ ಕಾಣದ ಗುಡ್ಡ ನೀರಿನ ಮ್ಯಾಲಿಂದ ಹುಡುಕೂದು ಅಂತ ನಾ ಹೇಳಿದ್ನಲ್ಲ. ಈಗ ನೋಡ್ರಿ, ನಿಮ್ಮತ್ತಿ ಒಲಿಗುಂಡು ಸಿಕ್ತು," ಅಂದಳು. ಕಣ್ಣಲ್ಲಿ ನೀರಿತ್ತು ಹುಡುಗಿಗೆ. ನಾನು ಮೇಲೆ ನೋಡಿದೆ. ಬರೀ ಬಿಸಿಲು. ಒಂಬೈನೂರು ಕಿಲೋಮೀಟರ್ ಮೇಲೆ, ನಿಲ್ಲದೆ ಓಡುತ್ತಾ, ಈ ಹೊಳೆಯ ತಳದ ಒಂದು ಕಲ್ಲಿನ ಎತ್ತರ ಅದಕ್ಕೆ ತಿಳಿದಿತ್ತು. ಆ ಕಲ್ಲಿನ ಮೇಲೆ ಹತ್ತು ವರ್ಷ ರೊಟ್ಟಿ ಸುಟ್ಟ ನನಗೆ ತಿಳಿದಿರಲಿಲ್ಲ. ನನಗೆ ಅದಕ್ಕೆ ಕೈ ಮುಗಿಯಬೇಕೆನಿಸಿತು, ಮುಗಿದೆ.

ಸೆರಗಿನಲ್ಲಿ ಕಟ್ಟಿಕೊಂಡಿದ್ದ ಪಾಕೀಟು ಪುಸ್ತಕ ಆಮೇಲೆ ತೆಗೆದುಕೊಟ್ಟೆ. ಬಾಷುಮಿಯಾ ಅಣ್ಣ ಹಾಳೆ ಹಾಳೆ ತಿರುವಿ ನೋಡಿದರು. "ಕಂಬದ ಮ್ಯಾಲಿನ ಖರೇ ಬರದಾಕಿ ಸುಳ್ಳಿ ಆದ್ಳು, ಕೈಲೆ ಕೂಡ್ಸಿ ಬರದಾಂವ ಖರೇ ಆದ. ಈ ಹುಲಗ್ಯಾಗ ಏನನ್ನಬೇಕು," ಅಂದರು, ಮುಖ ಆಚೆ ಮಾಡಿಕೊಂಡು.

"ದಿನಾ ಕೂಡ್ಸಿ ಬರೀತಿದ್ನಾ?" ಅತ್ತೆ ಕೇಳಿದಳು. "ಕಲ್ಲು ತೆಗೀತೀನಿ ಅಂದಿದ್ರ ನಾ ಬ್ಯಾಡ ಅಂತಿದ್ದೆ. ಅದಕ್ಕ ಕೇಳೇ ಇಲ್ಲ ನನ್ನ ಮಗ." ಕೋಲಿನಿಂದ ಕಂಬ ತೋರಿಸಿ, "ಈಗ ತೆಗೀರಿ," ಅಂದಳು.

"ಬ್ಯಾಡಮ್ಮಾ," ಅಂದಳು ಮೋನಮ್ಮ. "ಎಷ್ಟು ಏರ್ಯದ ಅಂತ ಗೊತ್ತಾತಲ್ಲ. ಕಲ್ಲು ಎಲ್ಲಿದ್ರ ಏನು?"

3 ಮಾರ್ಚ್, ಸೋಮವಾರ

ಕಾಗದ ಬಂತು. ಕೆಲಸ ಮುಂದುವರಿಯುತ್ತದೆ. ಅಳತೆಯವರು ಬಂದು ತೀರ್ಮಾನ ಮಾಡುವವರೆಗೆ ಕಂಬ ಹಾಗೇ ಇರಲಿ. ಓದಿದ್ದು ಒಂದು ಕಡೆ, ತಿದ್ದಿದ್ದು ಒಂದು ಕಡೆ ಬರೆಯಬೇಕು. ಕೆಳಗಿನ ಕಂಬದ ನಾಲ್ಕು ವರ್ಷದ ಹಳೆಯ ಅಂಕಿಗಳಿಗೂ 0.23 ಸೇರಿಸಲಾಗುವುದು. ಹುಲಗಪ್ಪನ ಹೆಸರಿನ ಮುಂದೆ ಏನೂ ಬರೆದಿಲ್ಲ. ಬಾಷುಮಿಯಾ ಅಣ್ಣ ನೋಡಿಕೊಂಡಿರಬೇಕು. ಅಳತೆಯವರು ಹೋದ ಸಲವೂ ಬರುತ್ತೇವೆ ಅಂದಿದ್ದರು, ಹಾಗಾಗಿ ಕಲ್ಲಿಗೆ ಸದ್ಯ ಭಯವಿಲ್ಲ.

ಎರಡು ಮಧ್ಯಾಹ್ನದ ವಿಷಯವನ್ನೂ ಮೋನಮ್ಮನಿಗೆ ಫೋನಿನಲ್ಲಿ ಹೇಳಿಬಿಟ್ಟೆ. ಆ ಎರಡು ಅಂಕಿ ತೆಗೆದುಹಾಕುತ್ತೇನೆ ಅಂದಳು. ಬೈಯಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅತ್ತೆ ತನ್ನ ತಟ್ಟೆಯ ಬೆಣ್ಣೆಯಲ್ಲಿ ಅರ್ಧ ನನ್ನ ರೊಟ್ಟಿಗೆ ಹಚ್ಚಿದಳು. "ಅಂಗಳ ಡೊಂಕೇ ಇತ್ತವ್ವ," ಅಂದಳು.

16 ಮಾರ್ಚ್, ಭಾನುವಾರ

ಇವತ್ತು ಏಳೂಕಾಲಿಗೆ ಹಾಯುವುದಿತ್ತು. ಆರಕ್ಕೇ ಅತ್ತೆ ಸೀರೆ ಉಟ್ಟು ಕೂತಿದ್ದಳು. "ನಾನೂ ಬರ್ತೀನಿ, ಕೈ ಹಿಡಿ," ಅಂದಳು. ಬಂಡೆ ಇನ್ನೂ ತಣ್ಣಗಿತ್ತು. ಮೊಣಕಾಲುದ್ದ ನೀರಿನಲ್ಲಿ ಇಬ್ಬರೂ ಕಂಬ ಹಿಡಿದು ನಿಂತೆವು. ಮೂಡಣದಲ್ಲಿ ಹೊಳೆಯೆಲ್ಲ ಕೆಂಪಾಗಿತ್ತು.

"ಈಗ ನಮ್ಮ ಮ್ಯಾಲ ಅದೇನ?"

"ಅದ."

"ನಾವು ಕಾಣ್ತೀವೇನ?"

"ಇಲ್ಲತ್ತಿ. ನೀರು ಎಷ್ಟು ಎತ್ತರ ಅದ ಅಷ್ಟೇ ಕಾಣ್ತದ."

"ಇಲ್ಲಿಂದ ಆ ತಗ್ಗಿನ ಸಮುದ್ರಕ್ಕೂ ಅದೇ ಹೋಗ್ತದ?"

"ಗಳಿಗಿಯೊಳಗ."

ಅತ್ತೆ ತಲೆ ಎತ್ತಿ ನೋಡುತ್ತಲೇ ಇದ್ದಳು. ನಾನೂ ನೋಡಿದೆ. ಏನೂ ಕಾಣಲಿಲ್ಲ, ಆದರೂ ಇಬ್ಬರೂ ಕಣ್ಣು ಕೆಳಗೆ ಮಾಡಲಿಲ್ಲ. ಬೆಟ್ಟದ ಮೇಲೆ ಉಬ್ಬಿ ನಿಂತ ನೀರು, ಅರವತ್ತಾಳು ತಗ್ಗಿನ ನೀರು, ನಮ್ಮ ಒಲೆಗುಂಡಿನ ಮೇಲಿನ ಈ ಮೊಣಕಾಲು ನೀರು, ಎಲ್ಲವನ್ನೂ ಒಂದೇ ಕಣ್ಣಿನಿಂದ ನೋಡುತ್ತಾ ಅದು ಹೋಯಿತು.

ಓದಿದೆ. 0.42. ಕೂಡಿಸಿದರೆ 0.65 ಅಂತ ಗೊತ್ತು. ಆದರೂ ಕಂಬಕ್ಕೆ ಕೈ ಹಚ್ಚಿದೆ. ಕಿರುಬೆರಳನ್ನು ನೀರಿಗೆ ತಾಗಿಸಿ ಬೆರಳು ಅಗಲಿಸಿದೆ. ನನ್ನ ಗೇಣು ಸಣ್ಣದು, ಅವರಷ್ಟು ಮುಟ್ಟಲಿಲ್ಲ. ಅತ್ತೆ ಬಗ್ಗಿ, ನನ್ನ ಹೆಬ್ಬೆರಳಿನ ಮೇಲೆ ತನ್ನ ಎರಡು ಬೆರಳನ್ನು ಅಡ್ಡ ಇಟ್ಟಳು.

"ಈಗ ನೋಡು," ಅಂದಳು.

0.65. ಬರೆದೆ.